ಗೋಡೆಗೆ ಮುಖ ಮಾಡಿದ ತೇವಮಾಪಕ

ಅಕ್ಕಪಕ್ಕದವರ ಮೂಗಿಗೆ ವಾಸನೆ ಬಡಿಯಬಾರದೆಂದು ಒಬ್ಬ ಮನುಷ್ಯ ಹಿಂದಿನ ಕೋಣೆಯ ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ಬಾಗಿಲ ಸಂದಿಗೆ ಹಳೇ ಪಂಚೆ ತುರುಕಿ, ಒಳಗೆ ಗಾಂಜಾ ಗಿಡ ಬೆಳೆಸಿದ್ದ. ಗಿಡಗಳು ಹೂ ಬಿಟ್ಟ ವಾರವೇ ಮೊಳೆಗೆ ತೂಗುಹಾಕಿದ್ದ ತೇವಮಾಪಕ ಹೇಳಿತು: "ಸ್ವಾಮಿ, ಗಾಳಿಯಲ್ಲಿ ತೇವ ನೂರಕ್ಕೆ ಎಪ್ಪತ್ತೈದಾಗಿದೆ. ಹೂವಿಗೆ ಇದು ಆಗಿಬರುವುದಿಲ್ಲ. ಕಿಟಕಿ ತೆಗೆಯಿರಿ."

"ತೆಗೆದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಫ್ಯಾನ್ ಇದೆಯಲ್ಲ, ಸಾಕು" ಎಂದ ಯಜಮಾನ.

"ನಾನು ತಿರುಗಿಸುವುದು ಇದೇ ಕೋಣೆಯ ಗಾಳಿಯನ್ನು. ಹೊಸದನ್ನು ಎಲ್ಲಿಂದ ತರಲಿ?" ಎಂದಿತು ಫ್ಯಾನ್.

ಮರುದಿನ ಮಾಪಕ ಎಂಬತ್ತು ಎಂದಿತು. ಯಜಮಾನನಿಗೆ ರೇಗಿತು. ಬಾಯಿಬಡುಕ ಎಂದು ಬೈದು ಅದರ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಆಮೇಲೆ ನೆಮ್ಮದಿಯಾಗಿ ಗಿಡ ಕೊಯ್ದು, ಹಸಿ ಕೊಂಬೆಗಳನ್ನು ಅದೇ ಕೋಣೆಯಲ್ಲಿ ಹಗ್ಗಕ್ಕೆ ಒತ್ತೊತ್ತಾಗಿ ಒಣಗಲು ಕಟ್ಟಿದ.

ಎಂಟನೆಯ ದಿನ ಎಲ್ಲಕ್ಕಿಂತ ದಪ್ಪನೆಯ ಹೂಗೊಂಚಲನ್ನು ಬಿಡಿಸಿ ನೋಡಿದ. ನಡುವೆ ಬೂದುಬಣ್ಣದ ಬೂಷ್ಟು ಕೂತಿತ್ತು.

"ದಯವಿಟ್ಟು ಬಾಗಿಲು ಹಾಕಿಕೊಳ್ಳಿ, ನನಗೆ ಗಾಳಿ ಆಗಿಬರುವುದಿಲ್ಲ" ಎಂದಿತು ಬೂಷ್ಟು.

ಅವನು ಒಂದೊಂದೇ ಗೊಂಚಲನ್ನು ಮುರಿದ. ಎಲ್ಲದರೊಳಗೂ ಅದೇ ಇತ್ತು. ಮಾಪಕವನ್ನು ಮೊಳೆಯಿಂದ ಕಿತ್ತು, ಮುಖ ತಿರುಗಿಸಿ ಗದರಿದ: "ಇಷ್ಟು ದಿನ ಯಾಕೆ ಹೇಳಲಿಲ್ಲ?"

"ದಿನವೂ ಹೇಳಿದೆ ಸ್ವಾಮಿ, ಗೋಡೆಗೆ" ಎಂದಿತು ಮಾಪಕ. "ಈಗ ಅದೂ ನೆನೆದು ಉದುರುತ್ತಿದೆ, ನೋಡಿ."