ರಾಗದೊಳಗೆ ಕಳೆದುಹೋದ ಮಿಂಗೆಲ್

ಒಂದಾನೊಂದು ಊರಿನಲ್ಲಿ, ಊರೆಂದರೆ ಅರ್ಧ ಕಾಡು, ಅರ್ಧ ಅರಮನೆ, ಒಬ್ಬ ರಾಜನಿದ್ದ. ಒಮ್ಮೆ ಕೇಳಿದ್ದನ್ನೇ ಮತ್ತೆ ಕೇಳಿದರೆ ಅವನಿಗೆ ಕಿವಿ ತುರಿಸುತ್ತಿತ್ತು. "ಯಾರೂ ಏನನ್ನೂ ಎರಡು ಸಲ ಹೇಳಕೂಡದು!" ಎಂದು ಡಂಗುರ ಹೊಡೆಸಿದ. ಡಂಗುರದವನು ಅದನ್ನು ಒಂದೇ ಸಲ ಸಾರಿದ. ಹೀಗಾಗಿ ಅರ್ಧ ಊರಿಗೆ ಗೊತ್ತೇ ಆಗಲಿಲ್ಲ.

ಗೊತ್ತಾಗದವರಲ್ಲಿ ಸಿದ್ದಿಯರ ಇನಾಸಜ್ಜಿಯೂ ಒಬ್ಬಳು. ಅವಳ ಅಜ್ಜಿಯ ಅಜ್ಜಿ ಆಫ್ರಿಕಾದಿಂದ ಬರುವಾಗ ಕೈ ಖಾಲಿಯಿತ್ತಂತೆ. ತಾಳ ಮಾತ್ರ ಅಂಗೈಯಲ್ಲೇ ಕೂತು ಬಂದಿತ್ತಂತೆ. ಆ ತಾಳವನ್ನೇ ಅಜ್ಜಿ ಡಮಾಮಿ ಎಂಬ ದೊಡ್ಡ ಡೋಲಿನ ಮೇಲೆ ಬಾರಿಸುತ್ತಿದ್ದಳು. ದಿಮಿ ದಿಮ್, ದಿಮಿ ದಿಮ್.

ಭಟರು ಅಜ್ಜಿಯನ್ನು ಡಮಾಮಿ ಸಮೇತ ಅರಮನೆಗೆ ಹಿಡಿದು ತಂದರು.

"ಎಷ್ಟು ಸಲ ಬಾರಿಸಿದೆ?" ಎಂದ ರಾಜ.

"ಒಂದೇ ಸಲ, ಮಹಾಸ್ವಾಮಿ. ಏಳು ವರ್ಷದವಳಿದ್ದಾಗ ಶುರು ಮಾಡಿದ್ದು. ಇನ್ನೂ ಮುಗಿದಿಲ್ಲ."

ಆ ಮುಗಿಯದ ತಾಳವನ್ನು ನೆನೆದೇ ರಾಜನ ಕಿವಿ ತುರಿಸಿತು. "ಡಮಾಮಿಯನ್ನು ಒಲೆಗೆ ಹಾಕಿ!" ಎಂದ.

ಆಗಲೇ ಸೆರಾಫಿನಾ ಅಳುತ್ತ ಓಡಿಬಂದಳು. ಕೈಯಲ್ಲಿ ಗಂಡನ ಸ್ಯಾಕ್ಸೊಫೋನ್. ಗಂಡ ಮಿಂಗೆಲ್ ಅರಮನೆಯ ಜಾಜ್ ವಾದಕ. ನುಡಿಸಿದ್ದನ್ನು ಮತ್ತೆ ನುಡಿಸುವವನೇ ಅಲ್ಲ, ರಾಜನಿಗೆ ಪಂಚಪ್ರಾಣ.

"ಪ್ರಭು, ನುಡಿಸುತ್ತ ನುಡಿಸುತ್ತ ಇವರು ಇದರೊಳಗೇ ಹೋಗಿಬಿಟ್ಟರು. ಮೂರು ದಿನವಾಯಿತು, ಊಟಕ್ಕೂ ಬಂದಿಲ್ಲ. ಒಮ್ಮೆ ಹೆಸರು ಹಿಡಿದು ಕರೆದೆ. ಇನ್ನು ಕರೆಯುವ ಹಾಗಿಲ್ಲವಲ್ಲ!"

ಸ್ಯಾಕ್ಸೊಫೋನಿನ ಬಾಯಿಂದ ಸಣ್ಣ ದನಿ ಬಂತು: "ದಾರಿ ತಪ್ಪಿದೆ. ಬಂದ ದಾರಿಯನ್ನೇ ಮತ್ತೆ ತುಳಿಯೋಣವೆಂದರೆ ರಾಜಾಜ್ಞೆ!"

ಇನಾಸಜ್ಜಿ ಭಟರ ಕೈಯಿಂದ ಡಮಾಮಿ ಕಿತ್ತುಕೊಂಡು ತೊಡೆಯ ಮೇಲಿಟ್ಟಳು.

"ಹೆದರಬೇಡ ಮಗಾ. ನನ್ನ ತಾಳಕ್ಕೆ ಕಿವಿಗೊಟ್ಟು ಬಾ" ಎಂದಳು ಸ್ಯಾಕ್ಸೊಫೋನಿನ ಬಾಯಿಗೆ ಬಾಗಿ.

ದಿಮಿ ದಿಮ್. ಇಲ್ಲಿದ್ದೀನಿ, ಇಲ್ಲಿದ್ದೀನಿ.

ಒಳಗಿನಿಂದ ಮಿಂಗೆಲ್ ಹೊಸದೊಂದು ತುಣುಕು ನುಡಿಸಿದ. ಹತ್ತಿರ ಬಂದ. ಆಸೆಬುರುಕ, ಇನ್ನೊಂದು ತಿರುವು ಕಂಡು ಮತ್ತೆ ದೂರ ಹೋದ. ಅಜ್ಜಿ ಗದರಲಿಲ್ಲ. ಅದೇ ತಾಳ. ದಿಮಿ ದಿಮ್. ಅವನು ಓಡಿದ, ಹಾರಿದ, ತಲೆಕೆಳಗಾದ. ಪ್ರತಿ ಸಲವೂ ಕಾಲೂರಲು ಅಜ್ಜಿಯ "ದಿಮ್" ಅಲ್ಲೇ ಇತ್ತು. ಕೊನೆಗೆ ಸ್ಯಾಕ್ಸೊಫೋನಿನ ಬಾಯಿಂದ ಮೊದಲು ಮೂಗು ಬಂತು, ಆಮೇಲೆ ಮಿಂಗೆಲ್ ಬಂದ.

ರಾಜ ಕಿವಿ ಮುಟ್ಟಿ ನೋಡಿಕೊಂಡ. ತುರಿಕೆಯಿಲ್ಲ.

"ಅಜ್ಜೀ," ಎಂದ ಮೆಲ್ಲಗೆ, "ಇನ್ನೊಮ್ಮೆ."

ಸೆರಾಫಿನಾ ಮಾತ್ರ ಅದಕ್ಕೆ ಕಾಯಲಿಲ್ಲ. ಗಂಡನ ಕೆನ್ನೆ ಹಿಡಿದು ಮಿಂಗೆಲ್, ಮಿಂಗೆಲ್, ಮಿಂಗೆಲ್ ಎಂದು ಮನೆಯವರೆಗೂ ಕರೆಯುತ್ತಲೇ ಹೋದಳು.

ನೀತಿ ಏನಪ್ಪಾ ಅಂದರೆ, ಊಟಕ್ಕೆ ಕರೆದಾಗ ಮೊದಲನೇ ಕೂಗಿಗೇ ಏಳಬೇಡಿ. ಕರೆಯುವವರಿಗೆ ಇನ್ನೊಮ್ಮೆ ಕರೆಯುವ ಸುಖ ಇರಲಿ.