ಸದ್ದಿಲ್ಲದ ಪೆಟ್ಟು

ತಂತಿವಾದ್ಯ ಕಲಿಯುತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ:

"ಗುರುಗಳೇ, ಹಾಡು ನುಡಿಸುವುದು ತೋರುಬೆರಳು. ಹೆಬ್ಬೆರಳಿಗೆ ಇರುವುದು ಅಂಚಿನ ಒಂದೇ ತಂತಿ, ಅದೂ ಆಗೊಮ್ಮೆ ಈಗೊಮ್ಮೆ. ಮೀಟದ ಪೆಟ್ಟಿನಲ್ಲೂ ಅದು ತಂತಿಯ ಮೇಲೆ ಬಂದು ಕೂರಲೇಬೇಕು ಎನ್ನುತ್ತೀರಿ. ಯಾರಿಗೂ ಕೇಳಿಸದ ಈ ಕೆಲಸ ಏಕೆ?"

ಗುರುಗಳು ನಕ್ಕು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವಾದ್ಯಗಾರನಿದ್ದ. ಕೋಲಾಟದ ಹೆಂಗಸರಿಗೆ ನುಡಿಸುವುದೆಂದರೆ ಅವನಿಗೆ ಪ್ರಾಣ. ತೋರುಬೆರಳು ಬಲು ಚುರುಕು. ಹೆಬ್ಬೆರಳು ಮಾತ್ರ ನಿನ್ನದರ ಹಾಗೆ ಶುದ್ಧ ಸೋಮಾರಿ. ಕೆಲಸವಿಲ್ಲದಾಗ ಮೇಲೆಲ್ಲೋ ನಿಂತಿರುತ್ತಿತ್ತು, ಕೆಲಸ ಬಂದಾಗ ಎದ್ದುಬಿದ್ದು ಓಡಿಬರುತ್ತಿತ್ತು. ಅಷ್ಟರಲ್ಲಿ ತಾಳ ತಪ್ಪಿರುತ್ತಿತ್ತು. ತಾಳ ತಪ್ಪಿದರೆ ಕೋಲು ಕೋಲಿಗೆ ಬೀಳುವ ಬದಲು ಎದುರಿನವಳ ಬೆರಳಿಗೆ ಬೀಳುತ್ತಿತ್ತು.

ಒಂದು ದಿನ ಅವರಲ್ಲಿ ಹಿರಿಯ ಹೆಂಗಸೊಬ್ಬಳು ಊದಿಕೊಂಡು ಅರಿಸಿನ ಹಚ್ಚಿದ್ದ ಬೆರಳ ಗೆಣ್ಣು ತೋರಿಸಿದಳು. "ಅಣ್ಣಾ, ನಿನ್ನ ನಂಬ್ಕೊಂಡು ಎಷ್ಟು ಪೆಟ್ಟು ತಿನ್ನೋದು? ಹಬ್ಬದೊಳಗೆ ಸರಿಯಾಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ಕರ್ಕೋತೀವಿ."

"ಹಂಗನ್ಬೇಡ ಅಕ್ಕಾ, ಸರಿ ಮಾಡ್ಕೋತೀನಿ" ಎಂದ. ಅವನಿಗೆ ಅಳುವೇ ಬಂದಿತ್ತು.

ಆ ದಿನ ಹೆಂಗಸರು ಅವನನ್ನು ಬಿಟ್ಟು ತಾವೇ ಹಾಡಿಕೊಂಡು ಕುಣಿದರು. ಅವನು ಪಕ್ಕದಲ್ಲಿ ಕೂತು ನೋಡಿದ. ಆಟದ ಕೆಲವು ಪೆಟ್ಟುಗಳಲ್ಲಿ ಕೋಲು ತಾಗಿಸುವಂತಿರಲಿಲ್ಲ. ಆಗಲೂ ಹಿರಿಯ ಹೆಂಗಸಿನ ಕೈ ಸುಮ್ಮನಿರಲಿಲ್ಲ. ಅವಳ ಕೋಲು ಎದುರಿನ ಕೋಲಿನ ತನಕ ಹೋಗಿ, ತಾಗದೆ ಹಿಂದಿರುಗುತ್ತಿತ್ತು. ಹಾಗಾಗಿ ಮುಂದಿನ ಪೆಟ್ಟು ಸರಿಯಾದ ಹೊತ್ತಿಗೇ ಬೀಳುತ್ತಿತ್ತು. ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ.

ಮನೆಗೆ ಹೋಗಿ ಅದಕ್ಕೆ ಹೊಸ ಪಾಠ ಶುರು ಮಾಡಿದ. ಕೈ ಇಳಿದಾಗಲೆಲ್ಲ ಹೆಬ್ಬೆರಳೂ ಇಳಿದು ತನ್ನ ತಂತಿಯ ಮೇಲೆ ಕೂರಬೇಕು. ಬೇಕಾದಾಗ ಮೀಟಬೇಕು, ಬೇಡವಾದಾಗ ಸುಮ್ಮನೆ ಏಳಬೇಕು. ಮೊದಮೊದಲು ಬೇಸರವಾಯಿತು. ಆಮೇಲೆ ಅದರಲ್ಲೇ ಒಂದು ಸುಖ ಸಿಕ್ಕಿತು.

ಹಬ್ಬದ ದಿನ ನುಡಿಸಿದ. ಕೋಲುಗಳೆಲ್ಲ ಒಂದೇ ಸದ್ದಿನಲ್ಲಿ ಕೂಡಿದವು. ಹೆಂಗಸರು ನಗುನಗುತ್ತಾ ಹೊತ್ತು ಮುಳುಗುವ ತನಕ ಕುಣಿದು, ತಮ್ಮತಮ್ಮಲ್ಲೇ ಹರಟುತ್ತಾ ಮನೆಗೆ ನಡೆದರು. ಒಬ್ಬಳೂ ಅವನತ್ತ ತಿರುಗಿ ನೋಡಲಿಲ್ಲ. ಅವನು ವಾದ್ಯವನ್ನು ಹೆಗಲಿಗೇರಿಸಿಕೊಂಡು ಗುನುಗುತ್ತಾ ಹೊರಟ.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಒಂದು ಮೆಚ್ಚುಗೆಯ ಮಾತೂ ಇಲ್ಲವೇ? ಹಾಗಾದರೆ ಅವನಿಗೆ ಸಿಕ್ಕಿದ್ದೇನು ಗುರುಗಳೇ?"

"ಆ ಸಂಜೆ ಊರಿನಲ್ಲಿ ಯಾವ ಹೆಂಗಸೂ ಬೆರಳಿಗೆ ಅರಿಸಿನ ಹಚ್ಚಿಕೊಳ್ಳಲಿಲ್ಲ" ಎಂದರು ಗುರುಗಳು.