ಹಂಡೆ ವ್ಯಾಪಾರಿಯ ಮನೆಯ ಬಿಸಿನೀರು

"ಬುದ್ಧೀ, ನನ್ನ ಮನಸ್ಸು ಇನ್ನೂ ಏಕೆ ಹದಕ್ಕೆ ಬಂದಿಲ್ಲ?" ಎಂದು ಶಿಷ್ಯ ಗುರುಸಿದ್ಧಯ್ಯ ಕೇಳಿದ.

ಕೇಳುವಾಗ ಅವನ ಬಟ್ಟೆಯ ಗಂಟು ಕಂಕುಳಲ್ಲೇ ಇತ್ತು. ಅವನು ಮಠ ಬಿಟ್ಟು ಹೊರಟು ನಿಂತಿದ್ದ. ಇಲ್ಲಿಗೆ ಬರುವ ಮೊದಲೂ ಅವನು ಬೇರೆ ಬೇರೆ ಮಠಗಳಲ್ಲಿ ಇದ್ದವನೇ. ಒಂದು ಕಡೆ ಮಂತ್ರ ಸರಿಯಿಲ್ಲ ಎನಿಸಿತು. ಇನ್ನೊಂದು ಕಡೆ ಕೂರುವ ಜಾಗ ಸರಿಯಿಲ್ಲ ಎನಿಸಿತು. ಮತ್ತೊಂದು ಕಡೆ ಗುರುವೇ ಸರಿಯಿಲ್ಲ ಎನಿಸಿತು. ಈಗ ಇಲ್ಲಿಯೂ ಅದೇ ಅನುಮಾನ ತಲೆಯೆತ್ತಿತ್ತು. ಬಾಯಿಬಿಟ್ಟು ಹೇಳಲು ಮಾತ್ರ ಸಂಕೋಚವಾಗಿತ್ತು.

"ದಿನವೂ ಧ್ಯಾನಕ್ಕೆ ಕೂರುತ್ತೇನೆ. ಶಾಂತಿ ಬಂತೇ ಎಂದು ನಡುನಡುವೆ ಒಳಗೆ ನೋಡಿಕೊಳ್ಳುತ್ತೇನೆ. ಬಂದಿರುವುದೇ ಇಲ್ಲ. ತಪ್ಪು ಎಲ್ಲಿದೆ ಹೇಳಿ. ಇಲ್ಲವೇ ಅಪ್ಪಣೆ ಕೊಡಿ, ಹೊರಡುತ್ತೇನೆ."

ಗುರುಗಳು ಇರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. "ಗಂಟು ಕೆಳಗಿಟ್ಟು ಕೂತುಕೋ. ಹೊರಟವನಿಗೆ ಒಂದು ಕತೆ ಅಂಥ ಭಾರವೇನಲ್ಲ" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ತಾಮ್ರದ ಹಂಡೆ ಎಂದರೆ ಅವನ ಅಂಗಡಿಯದೇ ಆಗಬೇಕು. ಊರಿನ ಮುಕ್ಕಾಲು ಬಚ್ಚಲುಮನೆಗಳಲ್ಲಿ ಅವನು ಮಾರಿದ ಹಂಡೆಗಳೇ ಒಲೆಯ ಮೇಲೆ ಕೂತಿದ್ದವು. ನೀರು ಬೇಗ ಕಾಯುವುದಿಲ್ಲ ಎಂದು ಯಾರಾದರೂ ದೂರು ತಂದರೆ ಸೌದೆ ಹಸಿ ಇರಬೇಕು ಎನ್ನುತ್ತಿದ್ದ. ಸೌದೆ ಒಣಗಿದೆ ಎಂದರೆ ಒಲೆ ಸರಿಯಿಲ್ಲ ಎನ್ನುತ್ತಿದ್ದ. ಒಲೆಯೂ ಸರಿಯಿದೆ ಎಂದರೆ, ನಿಮ್ಮ ಮನೆಯವರಿಗೆ ಬೆಂಕಿ ಹಾಕಲು ಬರುವುದಿಲ್ಲ ಎಂದುಬಿಡುತ್ತಿದ್ದ. ಅಲ್ಲಿಗೆ ಗಿರಾಕಿ ಮನೆಗೆ ಹೋಗುತ್ತಿದ್ದ. ಮುಂದಿನ ಜಗಳ ಅಲ್ಲಿ ನಡೆಯುತ್ತಿತ್ತು.

ಈ ವ್ಯಾಪಾರಿಯ ಮಗಳಿಗೆ ಮದುವೆಯಾಯಿತು. ಮದುವೆಯ ಊಟದ ಪಂಕ್ತಿಯಲ್ಲಿ ಅವನು ಬೀಗರಿಗೆ ಕೇಳಿಸುವಂತೆ ಜಂಬ ಕೊಚ್ಚಿದ್ದ. ದೀಪಾವಳಿಗೆ ಅಳಿಯಂದಿರನ್ನು ಕಳಿಸಿಕೊಡಿ, ನಮ್ಮ ಹಂಡೆಯ ಬಿಸಿನೀರು ಎಂದರೆ ಏನೆಂದು ಅವರೇ ಬಂದು ಹೇಳಲಿ ಎಂದಿದ್ದ. ಬೀಗಿತ್ತಿ ಬಾಯಿಗೆ ಹೆಸರಾದವಳು. ಆಡಿದ ಮಾತನ್ನು ಮರೆಯುವ ಪೈಕಿ ಅಲ್ಲ.

ಹಬ್ಬ ಬಂತು. ಅಳಿಯನೂ ಬಂದ. ಬೆಳಗಾಗುವ ಮುಂಚೆಯೇ ಹಂಡೆಯ ಕೆಳಗೆ ಬೆಂಕಿ ಬಿತ್ತು. ಅಳಿಯನನ್ನು ಮಣೆಯ ಮೇಲೆ ಕೂರಿಸಿ, ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ತೀಡಿ, ಆರತಿ ಎತ್ತಿದರು. ಇನ್ನು ನೀರು ಹಾಕುವುದಷ್ಟೇ ಬಾಕಿ.

ವ್ಯಾಪಾರಿ ಬಚ್ಚಲಿಗೆ ಹೋಗಿ ಮುಚ್ಚಳ ತೆಗೆದ. ಒಂದು ಚೊಂಬು ಮೊಗೆದು ಕಾಲಿನ ಮೇಲೆ ಸುರಿದುಕೊಂಡು ನೋಡಿದ. ಸಾಲದು. ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹಂಡೆಯಿಂದ ಎಷ್ಟು ನೀರು ತೆಗೆಯುತ್ತಾರೋ ಅಷ್ಟು ತಣ್ಣೀರನ್ನು ಕೂಡಲೇ ತುಂಬಬೇಕು. ನೀರು ತಗ್ಗಿದರೆ ತಳ ಸುಟ್ಟುಹೋಗುತ್ತದೆ ಎಂದು ವ್ಯಾಪಾರಿಯ ತಾಯಿ ಮಾಡಿಟ್ಟ ಪದ್ಧತಿ. ಒಳ್ಳೆಯ ಪದ್ಧತಿಯೇ. ವ್ಯಾಪಾರಿ ಒಂದು ಚೊಂಬು ತಣ್ಣೀರು ಸುರಿದು ಬಂದ.

ಗಂಡಸರಿಗೆ ನೀರಿನ ಹದ ಏನು ಗೊತ್ತು ಎಂದು ಹೆಂಡತಿ ಹೋಗಿ ಒಂದು ಚೊಂಬು ಮೊಗೆದು ನೋಡಿದಳು. ಒಂದು ಚೊಂಬು ತಣ್ಣೀರು ಸುರಿದು ಬಂದಳು. ಅತ್ತಿಗೆಗೆ ಅವಸರ ಜಾಸ್ತಿ ಎಂದು ವ್ಯಾಪಾರಿಯ ತಮ್ಮ ಹೋದ. ಇವರ ಮೇಲೆಲ್ಲ ನಂಬಿಕೆಯಿಲ್ಲದ ತಾಯಿ ಗೋಡೆ ಹಿಡಿದುಕೊಂಡು ಹೋದಳು. ಅವಳು ಹೊರಗೆ ಬರುವಷ್ಟರಲ್ಲಿ ವ್ಯಾಪಾರಿಗೆ ಮತ್ತೆ ತಡೆಯಲಾಗಲಿಲ್ಲ. ಚೊಂಬಿನಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲವೆಂದು ಈ ಸಲ ಕೊಡದಲ್ಲಿ ಮೊಗೆದ. ಪದ್ಧತಿ ಮುರಿಯುವವನಲ್ಲ. ಒಂದು ಕೊಡ ತಣ್ಣೀರು ಸುರಿದ.

ಬಿಸಿಲು ಅಂಗಳಕ್ಕೆ ಬಂತು. ನೀರು ಮಾತ್ರ ಬಿಸಿಯಾಗಲಿಲ್ಲ. ಎಣ್ಣೆ ಅಳಿಯನ ಹುಬ್ಬಿನಿಂದ ಕಣ್ಣಿಗಿಳಿಯಿತು. ಎದ್ದು ಒರಗೋಣವೆಂದರೆ ಹೊಸದಾಗಿ ಸುಣ್ಣ ಬಳಿದ ಗೋಡೆ. ಪಾಪ, ಮಣೆಯ ಮೇಲೆಯೇ ಕೂತು ಸೀನಿದ. ಆ ಸೀನು ಕೇಳಿ ವ್ಯಾಪಾರಿಯ ಜೀವ ಬಾಯಿಗೆ ಬಂತು. ಬೀಗಿತ್ತಿಯ ಮುಖ ಕಣ್ಣ ಮುಂದೆ ಬಂದು ನಿಂತಿತು.

ಸೌದೆ ಬದಲಾಯಿಸಿದರು. ಬೂದಿ ತುಂಬಿ ಗಾಳಿ ಆಡುತ್ತಿಲ್ಲವೆಂದು ತಮ್ಮ ಬೂದಿ ಎಳೆದ. ಬೂದಿಯ ಜೊತೆಗೆ ಕೆಂಡವೂ ಹೊರಗೆ ಬಂತು. ಮತ್ತೆ ಬೆಂಕಿ ಹಾಕಿದರು. ಪ್ರತಿಯೊಂದು ರಿಪೇರಿಯೂ ಫಲ ಕೊಟ್ಟಿತೋ ಇಲ್ಲವೋ ನೋಡಬೇಕಲ್ಲ? ಎಲ್ಲರೂ ಸರದಿಯ ಮೇಲೆ ಹೋಗಿ ನೋಡಿದರು.

ಕೊನೆಗೆ ಹೆಂಡತಿ ಹೇಳಿಯೇಬಿಟ್ಟಳು. "ಊರವರು ಅನ್ನೋದರಲ್ಲೂ ನಿಜ ಇರಬಹುದು ಕಣ್ರೀ. ನಿಮ್ಮ ಹಂಡೆನೇ ಸರಿ ಇಲ್ವೇನೋ."

ಬೇರೆ ಯಾರು ಅಂದಿದ್ದರೂ ವ್ಯಾಪಾರಿ ತಡೆದುಕೊಳ್ಳುತ್ತಿದ್ದ. ಹಬ್ಬದ ದಿನ ಅಂಗಡಿಯ ಬಾಗಿಲು ತೆಗೆಸಿ, ಇದ್ದುದರಲ್ಲೇ ದಪ್ಪ ತಳದ ಹೊಸ ಹಂಡೆಯನ್ನು ಹೊರಿಸಿಕೊಂಡು ಬಂದ. ಹೊಸ ಹಂಡೆಗೆ ಹಳೆಯ ನೀರೇಕೆ ಎಂದು, ಅಷ್ಟೋ ಇಷ್ಟೋ ಬೆಚ್ಚಗಾಗಿದ್ದ ನೀರನ್ನೆಲ್ಲ ಬಚ್ಚಲಿಗೆ ಚೆಲ್ಲಿಸಿದ. ಬಾವಿಯಿಂದ ಸೇದಿದ ತಣ್ಣೀರು ತುಂಬಿಸಿದ. ಆಮೇಲೆ ಚೊಂಬು ಹಿಡಿದು ಪಕ್ಕದಲ್ಲೇ ನಿಂತ.

ಅಳಿಯ ಮಣೆಯಿಂದ ಎದ್ದ. "ಮಾವ, ನೀವು ನಿಧಾನವಾಗಿ ಕಾಯಿಸಿ. ನಾನು ನಮ್ಮೂರಿಗೇ ಹೋಗಿ ಸ್ನಾನ ಮಾಡ್ತೀನಿ" ಎಂದವನೇ ಮೈಯ ಎಣ್ಣೆಯ ಮೇಲೆಯೇ ಪಂಚೆ ಸುತ್ತಿಕೊಂಡು ಬೀದಿಗೆ ಇಳಿದ.

ಮನೆಗೆ ಮನೆಯೇ ಅವನ ಹಿಂದೆ ಓಡಿತು. ತಾಯಿಯೂ ಗೋಡೆ ಬಿಟ್ಟು ಓಡಿದಳು. ಬೀದಿಯಲ್ಲಿ ಊರಿನವರೆಲ್ಲ ಸ್ನಾನ ಮುಗಿಸಿ ಹೊಸ ಬಟ್ಟೆ ಉಟ್ಟು ನಿಂತಿದ್ದರು. ಬಹುಪಾಲು ಇವನ ಗಿರಾಕಿಗಳೇ. ಅವರಲ್ಲೊಬ್ಬ, "ಸೌದೆ ಹಸಿ ಇರಬೇಕು ನೋಡಿ, ಯಜಮಾನ್ರೇ" ಎಂದ. ವ್ಯಾಪಾರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೆ ಈಗ ಅವನಿಗೆ ಅಂಗಡಿಯ ಮಾನದ ಯೋಚನೆ ಇರಲಿಲ್ಲ. ಬಾಗಿಲಲ್ಲಿ ಮಗಳು ಅಳುತ್ತಿದ್ದಳು. ಅಳಿಯ ಹೀಗೆ ಹೋದರೆ ಅವಳು ಆ ಮನೆಯಲ್ಲಿ ಬಾಳುವುದು ಹೇಗೆ? ಓಡಿಹೋಗಿ ಅಳಿಯನ ತೋಳು ಹಿಡಿದುಕೊಂಡ. ಎಣ್ಣೆಗೆ ತೋಳು ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಕಡೆಗೆ ನಡುಬೀದಿಯಲ್ಲಿ ಕೈಮುಗಿದು ನಿಂತ. ಬೇಡಿಕೊಂಡ. ಹೆಂಡತಿ ಬೇಡಿಕೊಂಡಳು, ತಮ್ಮ ಬೇಡಿಕೊಂಡ. ಅಳಿಯ ಒಳ್ಳೆಯವನೇ, ಆದರೆ ಸಿಟ್ಟು ಅಷ್ಟು ಸುಲಭಕ್ಕೆ ಇಳಿಯುವಂಥದ್ದಲ್ಲ. ಬಹಳ ಹೊತ್ತು ಹಿಡಿಯಿತು.

ಅಷ್ಟು ಹೊತ್ತೂ ಬಚ್ಚಲಿನಲ್ಲಿ ಯಾರೂ ಇರಲಿಲ್ಲ.

ಅಳಿಯನನ್ನು ಒಪ್ಪಿಸಿ ಒಳಗೆ ಕರೆತಂದು ನೋಡಿದರೆ ಬಚ್ಚಲುಮನೆ ತುಂಬ ಹಬೆ. ಹಂಡೆ ಕೊತಕೊತ ಕುದಿಯುತ್ತಿತ್ತು. ಮುಚ್ಚಳ ತಾನಾಗಿ ಕುಣಿಯುತ್ತಿತ್ತು. ಅಳಿಯ ತಣ್ಣೀರು ಬೆರೆಸಿ ಬೆರೆಸಿ ಸ್ನಾನ ಮಾಡಿದ. ಹೊರಗೆ ಬಂದಾಗ ಅವನ ಮುಖ ಕೆಂಪಗಾಗಿತ್ತು, ಬಾಯಿ ನಗುತ್ತಿತ್ತು. ಮಗಳು ಕಣ್ಣೊರೆಸಿಕೊಂಡು ಎಲೆ ಹಾಕಿದಳು.

ಊಟಕ್ಕೆ ಕೂತಾಗ ವ್ಯಾಪಾರಿ, ನೋಡಿದಿರಾ ನನ್ನ ಹೊಸ ಹಂಡೆಯ ಗುಣ ಎಂದ. ತಮ್ಮ, ತಾನು ಬೂದಿ ಎಳೆದದ್ದರಿಂದ ಎಂದ. ಹೆಂಡತಿ, ತಾನು ಹೊತ್ತ ಹರಕೆಯಿಂದ ಎಂದಳು. ತಾಯಿ, ಪದ್ಧತಿ ಬಿಡದೆ ತಣ್ಣೀರು ತುಂಬಿದ್ದರಿಂದಲೇ ಹಂಡೆ ಉಳಿಯಿತು ಎಂದಳು. ಪಾಯಸದ ಜೊತೆಗೆ ಆ ಜಗಳವೂ ನಡೆಯಿತು.

ಗುರುಗಳು ಕತೆ ನಿಲ್ಲಿಸಿದರು.

ಗುರುಸಿದ್ಧಯ್ಯನಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಎಂಥ ದಡ್ಡರು, ಊಟ ಮುಗಿದ ಮೇಲೂ ತಿಳಿಯಲಿಲ್ಲವಲ್ಲ ಎಂದು ಮತ್ತೆ ನಕ್ಕ. ನಗುತ್ತ ನಗುತ್ತ ಅವನಿಗೆ ತನ್ನ ವಿಷಯ ಹೊಳೆಯಿತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಂಥ ಗುರುವನ್ನು ಬಿಟ್ಟು ಹೋಗುತ್ತಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಬಗ್ಗಿ ಪಾದ ಮುಟ್ಟಿದ.

"ತಿಳಿಯಿತು ಬುದ್ಧೀ. ಇನ್ನು ನಾನು ಎಲ್ಲಿಗೂ ಹೋಗುವುದಿಲ್ಲ. ನಾಳೆಯಿಂದ ಬಂತೇ, ಬಂತೇ ಎಂದು ಒಳಗೆ ಇಣುಕದೆ ಸುಮ್ಮನೆ ಕೂರುತ್ತೇನೆ" ಎಂದ. ಗಂಟನ್ನು ಒಳಗಿಡಲು ಎತ್ತಿಕೊಂಡವನು ತಿರುಗಿ ಕೇಳಿದ: "ಹಾಗೆ ಕೂತರೆ ಎಷ್ಟು ದಿನಕ್ಕೆ ಹದ ಬಂದೀತು?"

ಗುರುಗಳು ಹೇಳಿದರು: "ಇಗೋ, ನೀನು ಇನ್ನೊಂದು ಚೊಂಬು ತಣ್ಣೀರು ಸುರಿದೆ."